ಮುಚ್ಚಳದ ಮೇಲೆ ಬರೆದದ್ದು

ಜುಲೈ ೯, ಮಂಗಳವಾರ

ಮತ್ತೆ ಎಣಿಸಿದೆ. ನಾಲ್ಕನೇ ಸಲ. ಅದೇ ಉತ್ತರ. ಥೂ!

ಪ್ರೋಟೀನು ತೆಗೆದ ಕೋಶಗಳು ಮಂಕಾಗಿ ಕೂತಿವೆ. ತೆಗೆಯದವು ತಟ್ಟೆ ತುಂಬ ಬೆಳೆದಿವೆ. ಪೂರ್ತಿ ತಲೆಕೆಳಗು. ಮೂರು ವರ್ಷದಿಂದ ನಾನು ಹೇಳುತ್ತಿರುವುದೇನು? ಈ ಪ್ರೋಟೀನು ಕೋಶಕೇಂದ್ರದೊಳಗೆ ಡಿಎನ್‌ಎ ಮೇಲೆ ಕೂತಿರುತ್ತದೆ, ಬೆಳವಣಿಗೆಯ ಜೀನ್‌ಗಳ ನಕಲು ತೆಗೆಯಲು ಬಿಡುವುದಿಲ್ಲ. ಬ್ರೇಕ್ ಇದು. ತೆಗೆದರೆ ಕೋಶ ಓಡಬೇಕು. ಎರಡು ಸಲ ಓಡಿತ್ತು. ಈ ಸಲವೂ ಓಡಿದ್ದರೆ ಮುಗಿಯುತ್ತಿತ್ತು. ಥೀಸಿಸ್ ಕೊಡಲು ಶುಕ್ರವಾರ ಸಂಜೆ ಐದು ಕೊನೆ.

ಪ್ರೊಫೆಸರ್ ಹ್ಯಾಮಿಷ್ ಚೀಸ್ ರೋಲ್ ಅಗಿಯುತ್ತ, "ಇನ್ನೊಂದ್ಸಲ ಮಾಡ್ಬಿಡು ಮೊರಾಗ್" ಅಂದರು. ಹತ್ತು ದಿನದ ಕೆಲಸ! ಅವರದೇನು ಹೋಗಬೇಕು.

ಜುಲೈ ೧೦, ಬುಧವಾರ

ಗೊತ್ತಾಯಿತು. ಭಾನುವಾರ ನನಗೆ ಜ್ವರ. ಕೋಶಗಳಿಗೆ ಹೊಸ ಆಹಾರ ಹಾಕಿದ್ದು ಲೂಪೆ — ನಮ್ಮ ಟೆಕ್ನಿಷಿಯನ್, ಸಮೋವಾದವಳು, ಇಪ್ಪತ್ತು ವರ್ಷದಿಂದ ಇಲ್ಲೇ. ಎರಡು ತಟ್ಟೆಯ ಮುಚ್ಚಳ ಅದಲು-ಬದಲು ಮಾಡಿದ್ದಾಳೆ. ಹೆಸರು ಇರುವುದು ಮುಚ್ಚಳದ ಮೇಲೆ ತಾನೆ.

ಟೀ ಹೊತ್ತಿಗೆ ಎಲ್ಲರೆದುರೇ ಅಂದುಬಿಟ್ಟೆ: "ಲೂಪೆ, ಶುಕ್ರವಾರದ ಕೇಕ್ ನಿಂದು." ಪ್ರಯೋಗ ಕೆಡಿಸಿದವರು ಕೇಕ್ ತರಬೇಕು, ನಮ್ಮ ಲ್ಯಾಬಿನ ಕಾನೂನು.

"ಸರಿ ಬಿಡು, ತರ್ತೀನಿ."

ಅಷ್ಟೇ. ವಾದ ಕೂಡ ಮಾಡಲಿಲ್ಲ. ಅದಕ್ಕೇ ಇನ್ನೂ ಉರಿಯಿತು.

ಜುಲೈ ೧೧, ಗುರುವಾರ

ಬೆಳಗ್ಗೆ ಲೂಪೆ ನನ್ನನ್ನು ಮೂಲೆಗೆ ಕರೆದು ತಟ್ಟೆ ಎತ್ತಿ ತಳ ತೋರಿಸಿದಳು. ಅವಳ ಗುಂಡು ಅಕ್ಷರದಲ್ಲಿ, ಮುಚ್ಚಳದ ಮೇಲಿದ್ದ ಅದೇ ಹೆಸರು.

"ಮುಚ್ಚಳ ತೆಗೆಯೋಕ್ಮುಂಚೆ ತಳದಲ್ಲಿ ಬರ್ಕೊಂಡೆ ಕಣೇ. ಮುಚ್ಚಳ ನಂಬ್ಬೇಡ ಅಂತ ಮೊದಲ್ನೇ ದಿನಾನೇ ಹೇಳಿದ್ದೆ ನಿಂಗೆ. ನಂದು ಅದಲು-ಬದಲಾಗಿಲ್ಲ."

"ಮತ್ತೆ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ಅಷ್ಟು ಜನರ ಮುಂದೆ ನಿನ್ನ ಮರ್ಯಾದೆ ತೆಗೀಲಾ?" ಆಮೇಲೆ ಮೆಲ್ಲಗೆ, "ನೀನು ಮುಚ್ಚಳ ತೆಗೆದು ಎಲ್ಲಿಡ್ತೀಯ?"

ಮಾಡಿ ತೋರಿಸಿದೆ. ಮೊದಲ ತಟ್ಟೆಯದು ಕೆಳಗೆ, ಎರಡನೆಯದು ಅದರ ಮೇಲೆ. ವಾಪಸ್ ಮುಚ್ಚುವಾಗ ಮೇಲಿದ್ದದ್ದು ಮೊದಲ ತಟ್ಟೆಗೆ...

ಅಯ್ಯೋ ದೇವರೇ. ಹಿಂದಿನ ಎರಡು ಸಲವೂ ಹೀಗೇ ಮಾಡಿದ್ದೆ.

ಜುಲೈ ೧೨, ಶುಕ್ರವಾರ. ಬೆಳಗ್ಗೆ ೮

ಮೊದಲ ಪ್ರಯೋಗದ ಕೋಶಗಳು ಗಾಜಿನ ಮೇಲೆ ಫ್ರಿಜ್ಜಿನಲ್ಲಿದ್ದವು. ನಿನ್ನೆಯಿಂದ ಬಣ್ಣದಲ್ಲಿ ನೆನೆಹಾಕಿದ್ದೆ. ಪ್ರೋಟೀನು ಇದ್ದಲ್ಲಿ ಹಸಿರು ಹೊಳೆಯುತ್ತದೆ. ಮುಚ್ಚಳ ನೋಡಿ 'ತೆಗೆದದ್ದು' ಎಂದು ನಾನೇ ಬರೆದ ಗಾಜು ಕಪ್ಪಗಿರಬೇಕು.

ಮೈಕ್ರೋಸ್ಕೋಪಿನಡಿ ಇಟ್ಟೆ. ಒಂದೊಂದು ಕೋಶಕೇಂದ್ರವೂ ಹಸಿರು. ಅಂದರೆ ಆಗ ಓಡಿದ್ದು ಪ್ರೋಟೀನು ಇದ್ದ ಕೋಶಗಳೇ.

ಬ್ರೇಕ್ ಅಲ್ಲ, ಆಕ್ಸಿಲರೇಟರ್! ಮೂರು ವರ್ಷ ಉಲ್ಟಾ ಹೇಳಿಕೊಂಡು ತಿರುಗಿದ್ದೇನೆ. ಸುಮ್ಮನೆ ಹಳೆಯ ಎರಡು ಫಲಿತಾಂಶವನ್ನೇ ಥೀಸಿಸ್‌ನಲ್ಲಿ ಹಾಕಿ ಐದಕ್ಕೆ ಕೊಟ್ಟುಬಿಡಬಹುದು. ಈ ಗಾಜನ್ನು ಯಾರು ಕೇಳುತ್ತಾರೆ?

೯.೪೦

ಲೂಪೆ ಬಂದಳು. ಕೈಯಲ್ಲಿ ಕ್ಯಾರೆಟ್ ಕೇಕ್. ತರಬೇಕಾಗಿರಲಿಲ್ಲ, ಆದರೂ ತಂದಿದ್ದಾಳೆ ಪುಣ್ಯಾತ್ಗಿತ್ತಿ.

"ಏನ್ ಕಾಣ್ತು, ಮಗಳೇ?"

ಎದ್ದು ಕುರ್ಚಿ ಬಿಟ್ಟುಕೊಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ ಕೇಕ್ ಕತ್ತರಿಸಲು ಚಾಕು ಹುಡುಕತೊಡಗಿದಳು.

ಹತ್ತಕ್ಕೆ ಟೀ. ಹ್ಯಾಮಿಷ್ ಇರುತ್ತಾರೆ, ಎಲ್ಲರೂ ಇರುತ್ತಾರೆ. ಎದ್ದು ನಿಂತು ಹೇಳಬೇಕು, ಈ ಕೇಕ್ ಲೂಪೆಯದಲ್ಲ, ನನ್ನ—