ಬರ್ತೀನಿ ಎಂದವಳು ಹೋದಳೋ, ಬಂದಳೋ?

ಸವಣೂರು
ಫೆಬ್ರವರಿ ೩೦, ೨೪೧೨

ಹತ್ತನೇ ತರಗತಿಯ ಪೂರ್ವಜರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ತಿಂಗಳುಗಳಿಗೂ ಸಮಪಾಲು ಆಗಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದು ನಮಗೆ ಅದಕ್ಕಿಂತ ವಿಚಿತ್ರ. ನಾನು ಸಂದೇಶಶಾಸ್ತ್ರದ ಅಧ್ಯಾಪಕ, ಅಂದರೆ ನೀವು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದಕ್ಕೆ ಅರ್ಥ ಹೇಳುವವನು. ಇಷ್ಟು ವರ್ಷ ಓದಿದ ಮೇಲೆ ನನಗೆ ಉಳಿದಿರುವುದು ಸಂದೇಶವಲ್ಲ, ಸಂದೇಹ.

ನಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ಮೌನಗೂಡು. ನಾಲ್ಕು ಗೋಡೆ, ಒಂದು ಮೇಜು, ಗೋಡೆಯೇ ಹೇಳುವ ಪಾಠ. ಆಟವಿಲ್ಲ, ಗೆಳೆಯರ ಜತೆ ಮಾತಿಲ್ಲ. ಮುರಿದರೆ ಸದ್ದಾಗುತ್ತದೆಂದು ಕಟಕ ರೊಟ್ಟಿ ಕೂಡ ನಿಷಿದ್ಧ, ಮೆತ್ತನೆಯದೇ ಕೊಡುತ್ತಾರೆ. ನಿಮ್ಮ ವಿಡಿಯೊ ಗೇಮು, ಚಾಟಿಂಗು ಓದನ್ನು ಕೆಡಿಸಿದವೆಂದು ನಂಬಿದ ಹಿರಿಯರ ಏರ್ಪಾಡು ಇದು. ನನ್ನ ಮಗಳು ನೀಲಾಂಬಿಕೆ ಲೆಕ್ಕದಲ್ಲಿ ಸಿಕ್ಕಿಕೊಂಡು, ಕೇಳಲು ಯಾರೂ ಇಲ್ಲದೆ ಮಂಕಾಗಿದ್ದಾಳೆ. "ಅಪ್ಪಾ, ಗ್ವಾಡಿ ಹೇಳಿದ್ದನ್ನ ಹೇಳ್ತೈತಿ" ಎನ್ನುತ್ತಾಳೆ. ಗೂಡುಗಳನ್ನು ಕೆಡವಬೇಕೋ ಬೇಡವೋ ಎಂದು ನಾಳೆ ಶಿಕ್ಷಣ ಸಭೆ ತೀರ್ಮಾನಿಸುತ್ತದೆ, ಅದೂ ನನ್ನ ವ್ಯಾಖ್ಯಾನ ಕೇಳಿ: ಚಾಟಿಂಗು ಓದು ಕೆಡಿಸಿತೆಂದರೆ ಗೂಡು ಉಳಿಯುತ್ತದೆ, ಇಲ್ಲವೆಂದರೆ ಬೀಳುತ್ತದೆ.

ವ್ಯಾಖ್ಯಾನಿಸಬೇಕಾದದ್ದು ನಿಮ್ಮ ಕಾಲದ, ಇದೇ ಊರಿನ ಒಂದು ಚಾಟು. ಲೆಕ್ಕದ ಪರೀಕ್ಷೆಯ ಹಿಂದಿನ ದಿನ ಮೆಹಜಬೀನ್ ಎಂಬ ಹುಡುಗಿ, ಜತೆಗೆ ಗೇಮ್ ಆಡುತ್ತಿದ್ದ ಚನ್ನವೀರನಿಗೆ "ಓದಬೇಕಲೇ, ಬರ್ತೀನಿ" ಎಂದು ಬರೆಯುತ್ತಾಳೆ. ಹಿಂದಿನ ಸಭೆಯಲ್ಲಿ ಜಗಳ ಶುರುವಾದದ್ದೇ ಇಲ್ಲಿ. "ಬರ್ತೀನಿ ಅಂದ್ರ ಬರ್ತೀನಿ. ಓದು ಬಿಟ್ಟು ಆಟಕ್ಕ ಬಂದಾಳ, ಇನ್ನೇನ್ರೀ?" ಎಂದರು ಸಭಾಪತಿ ಗುರುಸಿದ್ದಮ್ಮನವರು. ಆ ಕಾಲದಲ್ಲಿ ಹೊರಟವರೇ 'ಬರ್ತೀನಿ' ಎನ್ನುತ್ತಿದ್ದರು, 'ಹೋಗ್ತೀನಿ' ಎಂದರೆ ಅಪಶಕುನ ಎಂದು ವಿವರಿಸಿದೆ. "ಹೋಗಾಕ ಬರ್ತೀನಿ ಅಂದ್ರ, ಬರಾಕ ಏನಂತಿದ್ರು ಮಾಸ್ತರ?" ಸಭೆ ನಕ್ಕಿತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು, 'ಬರ್ತೀನಿ' ಎಂದು ಹೊರಟುಹೋಯಿತು.

ತೊಂದರೆಯೆಂದರೆ, ಹುಡುಗಿ ಹೋಗಲೂ ಇಲ್ಲ. ಆಮೇಲೆ "ಖರೇನ ಬರ್ತೀನಿ" ಇದೆ, "ಇದೊಂದ ಆಟ" ಇದೆ. ಸಮಾಜದ ಪೇಪರಿನಲ್ಲಿ ಒಂದು ಪ್ರಶ್ನೆಗೆ ಚಾಟಿನ ಅಭ್ಯಾಸಬಲದಿಂದ 'ಹ್ಮ್' ಎಂದಷ್ಟೇ ಬರೆದು ಬಂದೆನೆಂದೂ ಒಪ್ಪಿಕೊಂಡಿದ್ದಾಳೆ. ನನ್ನ ವಾದ ಬಿದ್ದುಹೋಯಿತು ಎಂದುಕೊಂಡೆ. ಅಷ್ಟರಲ್ಲಿ, ನೆರಳಿನಿಂದ ಕಂಬದ ಎತ್ತರ ಕಂಡುಹಿಡಿಯುವ ಲೆಕ್ಕ ತಿಳಿಯವಲ್ದು ಎಂದವಳಿಗೆ ಚನ್ನವೀರ ಬರೆಯುತ್ತಾನೆ: "ಕಂಬ ಮ್ಯಾಲ, ನೆಳ್ಳು ಕೆಳಗ, ಟ್ಯಾನ್ ಹಚ್ಚು, ಎಡಕ್ಕ ಓಡಲೇ, ಗುಂಡ ಹಾರಸಾಕತ್ತಾನ!" ಅವಳು: "ತಿಳೀತಲೇ. ಸತ್ತೆ." ತಿಳಿದದ್ದು ಲೆಕ್ಕ, ಸತ್ತದ್ದು ಆಟದಲ್ಲಿ ಎಂದು ನನ್ನ ಊಹೆ. ತಿರುಗಾಮುರುಗಾ ಆಗಿದ್ದರೂ ಆಗಿರಬಹುದು. ಅವಳ ಓದು ಹೋಯಿತೋ, ಹೋಗಿ ಓದಿದಳೋ, ದೇವರೇ ಬಲ್ಲ.

ಹಾಗಾಗಿ ಒಂದೇ ಬೇಡಿಕೆ. ಓದುತ್ತಿದ್ದರೆ ಓದುತ್ತಿದ್ದೇನೆಂದು, ಆಡುತ್ತಿದ್ದರೆ ಆಡುತ್ತಿದ್ದೇನೆಂದು ಬಿಡಿಸಿ ಬರೆಯಿರಿ. ಎರಡೂ ಒಟ್ಟಿಗೆ ನಡೆದಿದ್ದರೆ ಒಂದನ್ನು ನಿಲ್ಲಿಸಿ. ಯಾವುದನ್ನು ಎಂದು ಕೇಳಬೇಡಿ. ನಾನು ಮಾಸ್ತರ, ಹೇಳಲೇಬೇಕಾಗುತ್ತದೆ.

ಇವತ್ತು ಮಧ್ಯಾಹ್ನ ಗೂಡುಗಳ ಸಾಲಿನಲ್ಲಿ ನಡೆದು ಬರುವಾಗ ನೀಲಾಂಬಿಕೆ ಗೋಡೆ ಕುಟ್ಟುವುದು ಕೇಳಿಸಿತು, ಟಕ್ ಟಕ್. ಪಕ್ಕದ ಗೂಡಿನಿಂದಲೂ ಟಕ್. ಆಮೇಲೆ ಎರಡೂ ಕಡೆ ಬಾಯಿ ಮುಚ್ಚಿಕೊಂಡ ನಗು. ಲೆಕ್ಕವೋ ಆಟವೋ ತಿಳಿಯಲಿಲ್ಲ. ಗುರುಸಿದ್ದಮ್ಮನವರು ಹಿಂದೆಯೇ ಬರುತ್ತಿದ್ದರು. "ಏನ್ರೀ ಅದು ಸಪ್ಪಳ?"

ಹಲ್ಲಿ ಎಂದೆ.

"ಎರಡು ಅದಾವೇನ್ರೀ?" ಎಂದು ಕೇಳಿ, ಗೋಡೆಗೆ ಕಿವಿಗೊಟ್ಟು, ಸದ್ದಾಗದಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮುಂದೆ ನಡೆದರು.

ನಿಮ್ಮ ಗೊಂದಲದ ವಾರಸುದಾರ,
ಅಡಿವೆಪ್ಪ ಮಾಸ್ತರ