ಕವಿಯನ್ನು ಹೇಡಿ ಎಂದು ಬರೆದ ದಿನ

ಜೂನ್ 12, 2025, ಗುರುವಾರ, ರಾಲಿ, ಅಮೆರಿಕ

ನಾನು ಸಂಶೋಧನೆ ಮಾಡುತ್ತಿರುವ ಯಹೂದಿ ಕವಿ, ಐನೂರು ವರ್ಷಗಳ ಹಿಂದೆ ಸ್ಪೇನಿನಿಂದ ಗಡಿಪಾರಾಗಿ ಇಟಲಿಯ ನೇಪಲ್ಸ್ ಸೇರಿದವನು, ತಾನೇ ಕಲಿಸಿದ ಹೀಬ್ರೂ ಪದ್ಯವನ್ನು ಬೀದಿಯಲ್ಲಿ ಹೇಳಿದ ಮಗಳ ಬಾಯಿಯನ್ನು, ಅಲ್ಲಿಂದಲೂ ಓಡಿಸಿಯಾರೆಂಬ ಭಯಕ್ಕೆ, ಮುಚ್ಚಿಸಿದ್ದ. ಅವನನ್ನು "ಹೇಡಿ" ಎಂದು ಬೆಳಿಗ್ಗೆಯಷ್ಟೇ ಬರೆದಿದ್ದೆ.

ಸಂಜೆ ಅಂಗಡಿಯ ಸಾಲಿನಲ್ಲಿ ನಮ್ಮ ಮುಂದೆ ಯೂನಿಫಾರ್ಮಿನ ಇಬ್ಬರು ನಿಂತಿದ್ದರು, ವಲಸೆ ಇಲಾಖೆಯವರೇನೋ ಎನಿಸಿತು. ನನ್ನ ವೀಸಾದ ಉತ್ತರ ಇನ್ನೂ ಬಂದಿಲ್ಲ. ಕನ್ನಡ ಮಾತಾಡೆಂದು ಎಷ್ಟು ಗೋಗರೆದರೂ ಇಂಗ್ಲಿಷ್ ಬಿಡದ ಮಗಳು ಇಳಾ ಇವತ್ತೇ ಜೋರಾಗಿ, "ಅಮ್ಮಾ, ನಂಗೆ ಮಾವಿನಹಣ್ಣು ಬೇಕು!" ಎಂದಳು.

"ಶ್! ಇಂಗ್ಲಿಷಲ್ಲಿ ಮಾತಾಡು," ಎಂದು ತೋಳು ಹಿಂಡಿದೆ.

ಅವರು ಚಿಪ್ಸ್ ಕೊಂಡು ಹೋದರು, ಅಷ್ಟೇ.

ಮಲಗುವಾಗ ಇಳಾ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: "ಅಮ್ಮಾ, ಇಲ್ಲಿ ಕನ್ನಡ ಓಕೆನಾ?"

ಹೂಂ ಎಂದೆ. ನಾನೂ ಪಿಸುದನಿಯಲ್ಲೇ.