ಮಾಳಿಗೆ ಮೇಲಿನ ಮಣ್ಣು

ಕೊಂಡ್ಲಹಳ್ಳಿ
ಮಂಗಳವಾರ, ಜೂನ್ 3

ಮಗಳೇ ಶಿಲ್ಪಾ,

ಕೊಟ್ರೇಶ ನಿನ್ನನ್ನೂ ನಿನ್ನ ಹೊಟ್ಟೆಯೊಳಗಿನ ಕೂಸನ್ನೂ ಕಾಯಲಿ. ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ತನಕ ಸಿಟ್ಟಾಗಬೇಡ. ಗುರುವಾರ ನೀನು ಬರಬೇಡ.

ಇದನ್ನು ಫೋನಿನಲ್ಲೇ ಹೇಳಲು ಮೂರು ಸಲ ಬಾಯಿ ತೆರೆದೆ. "ಯಾಕವ್ವಾ, ನಾನು ಬರೋದು ಬ್ಯಾಡ್ವಾ ನಿನಗೆ?" ಎಂದು ನೀನು ಕೇಳಿದ ಮೇಲೆ ಮಾತು ಬೇರೆ ಕಡೆ ತಿರುಗಿಸಿಬಿಟ್ಟೆ. ಅದಕ್ಕೇ ಬರೆದು, ನಿಮ್ಮ ಚಳ್ಳಕೆರೆಗೆ ಹೊರಟಿರುವ ಕಲ್ಲೇಶಪ್ಪನ ಕೈಲಿ ಕಳಿಸುತ್ತಿದ್ದೇನೆ. ಸೀಮಂತದ ಕುಬುಸ ಮಾಡಿದ ಮೇಲೆ ಮಗಳನ್ನು ಕರೆತರದ ತಾಯಿ ಈ ಊರಲ್ಲಿ ಇದ್ದಾಳೆಯೇ? "ತವರಿನೋರು ಒಂದು ಕುಬುಸ ಕೊಟ್ಟು ಕೈ ತೊಳ್ಕಂಡ್ರು" ಎಂದು ನಿಮ್ಮತ್ತೆ ಅಂದದ್ದು ನನ್ನ ಕಿವಿಗೂ ಬಿದ್ದಿದೆ. ಅನ್ನಲಿ. ನಿನಗೆ ಬಾಣಂತನ ಮಾಡಲು ಇಟ್ಟುಕೊಂಡಿದ್ದ ನಡುಮನೆಯ ತೊಲೆ ಸೀಳಿದೆ ತಾಯಿ.

ಈ ಮನೆಯನ್ನು ನಿನ್ನ ಮುತ್ತಜ್ಜ ಕಟ್ಟಿಸಿದ್ದು ನಿನಗೆ ಗೊತ್ತು. ಗುಡ್ಡದ ಕಲ್ಲನ್ನು ಬಂಡಿಯಲ್ಲಿ ಹೊಡೆಸಿ, ಹಿಡಿ ಸಿಮೆಂಟಿಲ್ಲದೆ ಬರೀ ಕೆಸರಿನಲ್ಲಿ ಎಬ್ಬಿಸಿದ ಎರಡು ಮೊಳ ದಪ್ಪದ ಗೋಡೆ. ಕಮರ ಮರದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಲ್ಲು ಚಪ್ಪಡಿ, ಎಲ್ಲದರ ಮೇಲೆ ನೀರು ಇಳಿಯದಂಥ ಕರಲು ಮಣ್ಣು. ನೀನು ಕೂಸಾಗಿದ್ದಾಗ, ನಡುಮನೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ತೊಟ್ಟಿಲ ಕಾಲಿಗೆ ಬಂದರೆ ನಿನಗೆ ನೀರೆರೆಯುವ ಹೊತ್ತು. ನಿಮ್ಮಪ್ಪ ಹುಟ್ಟಿದ್ದೂ ಅದೇ ತೊಲೆಯ ಕೆಳಗೆ.

ಗೌಂಡಿ ಪಾತಣ್ಣನನ್ನು ಕರೆಸಿದ್ದೆ. ಮಾಳಿಗೆಯ ಅಂಚಿನಲ್ಲಿ ಹಾರೆ ಇಳಿಸಿ ನೋಡಿದ. ಒಂದೂವರೆ ಮೊಳ ಮಣ್ಣು! "ಕೊಟ್ರಕ್ಕಾ, ನಿಮ್ಮ ಗ್ವಾಡೆ ಇನ್ನೂ ನೂರು ವರ್ಷ ನಿಲ್ತೈತೆ. ನೀವು ಹೊತ್ತು ಹಾಕಿರೋ ಮಣ್ಣೇ ನಿಮ್ಮನ್ನ ಹೂಳ್ತೈತೆ" ಎಂದ. ತೊಲೆಗೆ ತಾನೇ ಎರಡು ಕಂಬ ಆನಿಸಿ ನಿಲ್ಲಿಸಿದ. ಯಾರೂ ಮೇಲೆ ಹತ್ತಬೇಡಿ, ಒಂದು ಹದ ಮಳೆ ಕುಡಿದರೆ ಮಣ್ಣಿನ ತೂಕ ಎರಡರಷ್ಟಾಗುತ್ತದೆ, ಅಷ್ಟರೊಳಗೆ ಮನೆ ಬಿಡಿ ಎಂದು ಹೇಳಿ ಹೋದ. ಕೂಲಿಯವರೂ ಮೇಲೆ ಹತ್ತಲು ಒಪ್ಪುತ್ತಿಲ್ಲ. ರೋಹಿಣಿ ಮಳೆ ಇನ್ನೂ ಮುಗಿದಿಲ್ಲ. ನಿನ್ನೆಯಿಂದ ಬ್ರಹ್ಮಗಿರಿ ಗುಡ್ಡದ ಕಡೆ ಮೋಡ ಕಟ್ಟಿ ನಿಂತಿದೆ. ಮಳೆಯನ್ನು ಬೇಡುತ್ತಿದ್ದ ಬಾಯಲ್ಲಿ, ಬರಬೇಡಪ್ಪಾ ಎಂದು ಲಿಂಗದ ಮುಂದೆ ಅಳುತ್ತಿದ್ದೇನೆ.

ಈ ಮಣ್ಣು ಹೇಗೆ ಇಷ್ಟಾಯಿತು ಎಂದು ನೀನು ಕೇಳುತ್ತೀ. ನಾನು ಸೊಸೆಯಾಗಿ ಬಂದ ವರ್ಷ, ಮಳೆಗೆ ಮೊದಲು ಅತ್ತೆ ನನ್ನ ತಲೆಯ ಮೇಲೆ ಕರಲು ಮಣ್ಣಿನ ಪುಟ್ಟಿ ಇಟ್ಟು, "ಸೊಸೆ ಕೈಯ ಮಣ್ಣು ಬಿದ್ರೆ ಮಾಳಿಗೆ ತಂಪು" ಎಂದು ಹತ್ತಿಸಿದರು. ಮುಂದಿನ ಮಳೆಗೆ ಅವರೇ ಇರಲಿಲ್ಲ. ಅವರು ಕೈಯಾರೆ ತಟ್ಟಿದ ಮಣ್ಣು ನನಗೆ ವಿಭೂತಿಯಷ್ಟೇ ದೊಡ್ಡದಾಯಿತು. ವರ್ಷವರ್ಷವೂ ಅದರ ಮೇಲೇ ಹೊಸ ಮಣ್ಣು ಹಾಕಿಸಿದೆ. ಹಳೆಯದನ್ನು ಒಂದು ಹಿಡಿಯೂ ತೆಗೆಯಗೊಡಲಿಲ್ಲ. ನಿಮ್ಮಪ್ಪ ಒಂದೆರಡು ಸಲ ಹೆರೆಸೋಣ ಎಂದಾಗ, ಅತ್ತೆಯ ಮಣ್ಣನ್ನು ಬೀದಿಗೆ ಚೆಲ್ಲುತ್ತೀರಾ ಎಂದು ಊಟ ಬಿಟ್ಟು ಕೂತವಳು ನಾನು.

ಮೊನ್ನೆ ಕುರಿ ಮುಂದೆ ಹೊಡೆದುಕೊಂಡು ಹೋಗುತ್ತಿದ್ದ ಯರ್ರಪ್ಪ ಹಿತ್ತಲಲ್ಲಿ ನಿಂತ. ನೀನು ಚಿಕ್ಕವಳಿದ್ದಾಗ ಜಾರಿ ಆಡುತ್ತಿದ್ದ ಬಿಳಿ ದಿಬ್ಬವನ್ನು ಕೋಲಿನಿಂದ ತೋರಿಸಿದ. "ಇದು ಯಾತರ ದಿಬ್ಬ ಅಂದ್ಕಂಡಿದ್ದೆ ಕೊಟ್ರವ್ವಾ? ನಿಮ್ಮತ್ತೆ ಎಲ್ಡು ವರ್ಷಕ್ಕೊಂದ್ಸಲ ಮಾಳಿಗೆ ಹೆರೆಸಿ ಹಾಕಿಸ್ತಿದ್ದ ಮಣ್ಣು. ನಾನೇ ಎಷ್ಟು ಪುಟ್ಟಿ ಹೊತ್ತೀನೋ! ನೀನು ಬಂದ ಮ್ಯಾಲೆ ದಿಬ್ಬ ಬೆಳೀಲೇ ಇಲ್ಲ ನೋಡು" ಎಂದು ನಕ್ಕ. ದಿನಾ ಅದೇ ದಿಬ್ಬದ ಮೇಲೆ ಪಾತ್ರೆ ಒಣಹಾಕಿದ್ದೇನೆ. ಇದೇನು ಎಂದು ಒಂದು ದಿನವೂ ಯಾರನ್ನೂ ಕೇಳಲಿಲ್ಲ. ಅತ್ತೆ ಹಾಕುವುದನ್ನು ಕಲಿಸಿದರು. ತೆಗೆಯುವುದನ್ನು ಕಲಿಸುವ ಮೊದಲೇ ಹೋಗಿಬಿಟ್ಟರು. ಮಿಕ್ಕದ್ದೆಲ್ಲ ನಾನೇ ಕಟ್ಟಿಕೊಂಡ ಭಕ್ತಿ.

ನಿಮ್ಮಪ್ಪ ಹಿತ್ತಲಲ್ಲಿ ಜಾರಿ ಬಿದ್ದರು ಎಂದಿದ್ದೆನಲ್ಲ, ಅದು ಸುಳ್ಳು. ನಡುಮನೆಯಲ್ಲಿ ಮಲಗಿದ್ದಾಗ ಚಪ್ಪಡಿಯ ಚೂರು ಕಾಲ ಮೇಲೆ ಬಿತ್ತು. ಒಂದೆರಡು ಮೊಳ ಆಚೆ ಬಿದ್ದಿದ್ದರೆ ಎದೆ. ಈಗ ಎದುರು ಮನೆ ರೇಣುಕಮ್ಮನಲ್ಲಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ನಿಮ್ಮತ್ತೆಗೆ ಇದನ್ನೆಲ್ಲ ಓದಿ ಹೇಳು, ಮುಚ್ಚಿಡಬೇಡ. ಅವರು ಒಪ್ಪಿದರೆ ಅಲ್ಲಿಗೇ ಬಂದು ಬಾಣಂತನ ಮಾಡುತ್ತೇನೆ. ಬೀಗರ ಮನೆಯಲ್ಲಿ ಬಾಣಂತನ ಮಾಡಿದಳು ಎಂದು ಊರು ಆಡಿಕೊಳ್ಳಲಿ. ಕಾಲು ಹಿಡಿ ಅಂದರೆ ಹಿಡಿಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಡಮಗ್ಗುಲಿಗೆ ಮಲಗು.

ನಿನ್ನ ಅವ್ವ,
ಕೊಟ್ರಮ್ಮ

ಮೇಲೆ ಬರೆಯದೆ ಬಿಟ್ಟದ್ದು ಇದು: ಅಕ್ಷರ ಸೊಟ್ಟಗಿದ್ದರೆ ಗುದ್ದಲಿ ಹಿಡಿದ ಕೈಯಲ್ಲೇ ಬರೆಯುತ್ತಿರುವುದಕ್ಕೆ. ಬೆಳಗಿನಿಂದ ಮಾಳಿಗೆಯಿಂದ ಹತ್ತೊಂಬತ್ತು ಪುಟ್ಟಿ ಮಣ್ಣು ಇಳಿಸಿದ್ದೇನೆ. ಗೋಡೆ ದಪ್ಪ ಇದೆಯಲ್ಲ, ಅದರ ತಲೆಯ ಮೇಲೆ ಕೂತು ಗುದ್ದಲಿಗೆ ಎಟುಕಿದಷ್ಟನ್ನು ಎಳೆದು ದಿಬ್ಬಕ್ಕೆ ಸುರಿದೆ. ಯಾವುದು ಅತ್ತೆಯದು, ಯಾವುದು ನನ್ನದು ಗೊತ್ತೇ ಆಗುವುದಿಲ್ಲ, ಎಲ್ಲ ಒಂದೇ ಬಣ್ಣ. ಗೋಡೆಯ ಸುತ್ತಲಿನದು ಮುಗಿಯಿತು. ಇನ್ನು ಉಳಿದದ್ದು ಸೀಳಿದ ನಡು ತೊಲೆಯ ಮೇಲಿನದು, ಅದಕ್ಕೆ ಕಾಲಿಡಲೇಬೇಕು. ಕಲ್ಲೇಶಪ್ಪ ಹೊರಟ ಮೇಲೆ ಹತ್ತುತ್ತೇನೆ. ನಿಮ್ಮಪ್ಪನಿಗೆ ಹೇಳಿಲ್ಲ. ಫೋನು ರೇಣುಕಮ್ಮನ ಮನೆಯಲ್ಲಿ ಇಟ್ಟಿದ್ದೇನೆ, ಸಂಜೆ ಮಾಡು. ನಾನೇ ಎತ್ತಿದರೆ ಮಾಳಿಗೆ ಹಗುರಾಯಿತು ಎಂದುಕೋ, ಗುರುವಾರ ನಿನ್ನನ್ನು ಕರೆಯಲು ಬರುತ್ತೇನೆ, ಈ ಕಾಗದ ಹರಿದುಹಾಕು. ರೇಣುಕಮ್ಮ ಎತ್ತಿದರೆ ಅಳುತ್ತ ಓಡಿ ಬರಬೇಡ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮೊದಲು ಕೂತುಕೋ.